ಕ್ಯಾಮೆರಾ ಪ್ರಶ್ನೋತ್ತರ: ಹೊರಡಲು ಆರು ವಾರ, ಯಾವ ಬಾಡಿ ಕೊಳ್ಳಲಿ?

ಪ್ರಶ್ನೆ: ನನ್ನಲ್ಲಿ ಕ್ಯಾನನ್ 1200ಡಿ, 18-55 ಮತ್ತು 55-250 ಎಸ್‌ಟಿಎಂ ಲೆನ್ಸ್‌ಗಳಿವೆ. ಇನ್ನು ಆರು ವಾರಕ್ಕೆ ಮನೆಯವರೆಲ್ಲ ದಾಂಡೇಲಿ, ಗಣೇಶಗುಡಿಗೆ ಹೊರಟಿದ್ದೇವೆ. ಮಂಗಟ್ಟೆ ಹಕ್ಕಿಯ ಒಂದು ಒಳ್ಳೆಯ ಚಿತ್ರ ತೆಗೆಯಬೇಕೆಂಬ ಆಸೆ. ಸೆಕೆಂಡ್ ಹ್ಯಾಂಡ್ 90ಡಿ, ಹೊಸ ಆರ್10, ಆರ್7 ನೋಡಿಟ್ಟಿದ್ದೇನೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಆರ್8 ತಗೊಳ್ಳಿ ಎಂದು ಗೆಳೆಯರೊಬ್ಬರ ಒತ್ತಾಯ. ಯಾವುದು ಸರಿ?
– ಓದುಗರು, ಗೋಣಿಕೊಪ್ಪ

ಉತ್ತರ: ಮೊದಲು ಆರ್8 ಬದಿಗಿಡಿ. ಕ್ಯಾಮೆರಾ ಒಳ್ಳೆಯದೇ, ನಿಮ್ಮ ಲೆನ್ಸ್‌ಗೆ ಹೊಂದುವುದಿಲ್ಲ. 55-250 ಚಿಕ್ಕ ಸೆನ್ಸರ್‌ಗೆಂದು ಮಾಡಿದ ಇಎಫ್-ಎಸ್ ಲೆನ್ಸ್. ಹಳೆಯ ಲೆನ್ಸನ್ನು ಹೊಸ ಬಾಡಿಗೆ ಜೋಡಿಸುವ ಅಡಾಪ್ಟರ್ ಹಾಕಿ ಕೂರಿಸಿದರೆ ಆರ್8 ತಾನಾಗಿಯೇ ಅಂಚು ಕತ್ತರಿಸಿಕೊಳ್ಳುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ ಕೈಗೆ ಸಿಗುವುದು 9 ಚಿಲ್ಲರೆ.

ಲೆಕ್ಕ ಹಾಕಿಯೇ ನೋಡೋಣ. ದೊಡ್ಡ ಮಂಗಟ್ಟೆ ಹೆಚ್ಚು ಕಡಿಮೆ ಒಂದು ಮೀಟರ್ ಉದ್ದದ ಹಕ್ಕಿ. 30 ಮೀಟರ್ ದೂರದ ಬಸರಿ ಮರದಲ್ಲಿ ಅಡ್ಡಡ್ಡ ಕೂತಿದೆ ಎನ್ನಿ. 250 ಮಿ.ಮೀ. ಲೆನ್ಸ್ ಅದನ್ನು ಸೆನ್ಸರ್ ಮೇಲೆ ಸುಮಾರು 8.3 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ, ಬಾಡಿ ಯಾವುದಾದರೂ ಅಷ್ಟೇ. ಆ 8.3 ಮಿ.ಮೀ.ಗೆ ನಿಮ್ಮ 1200ಡಿಯಲ್ಲಿ ಸುಮಾರು 1,900 ಪಿಕ್ಸೆಲ್, ಆರ್10ರಲ್ಲಿ 2,200, ಆರ್7ರಲ್ಲಿ 2,600. ಆರ್8ರಲ್ಲಿ ಬರೀ 1,400, ಅಂದರೆ ಈಗಿರುವುದಕ್ಕಿಂತ ಕಡಿಮೆ!

ಹಾಗಾಗಿ ಬಾಡಿಯಿಂದ ಹಕ್ಕಿ ದೊಡ್ಡದಾಗುತ್ತದೆ ಎಂದು ನಿರೀಕ್ಷಿಸಬೇಡಿ. ಬದಲಾಗುವುದು ಫೋಕಸ್ ಮತ್ತು ವೇಗ. 1200ಡಿಗೆ 9 ಫೋಕಸ್ ಬಿಂದು, ಅದರಲ್ಲಿ ನೆಚ್ಚಬಹುದಾದದ್ದು ನಡುವಿನದೊಂದೇ. ಸೆಕೆಂಡಿಗೆ 3 ಚಿತ್ರ, ರಾ ಫೈಲಾದರೆ (ಸಂಸ್ಕರಿಸದ ಮೂಲ ಚಿತ್ರ) ಆರೇಳಕ್ಕೇ ಬಫರ್, ಅಂದರೆ ತಾತ್ಕಾಲಿಕ ಮೆಮೊರಿ, ತುಂಬಿ ಕಟ್ಟಿಕೊಳ್ಳುತ್ತದೆ. ಆರ್10, ಆರ್7 ಎರಡೂ ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ತೆಗೆಯುತ್ತವೆ, ಹಕ್ಕಿಯ ಕಣ್ಣು ಹುಡುಕಿ ಹಿಡಿಯುತ್ತವೆ. 90ಡಿ ಗಟ್ಟಿಮುಟ್ಟಾದ ಕ್ಯಾಮೆರಾ, ಒಂದು ಚಾರ್ಜಿಗೆ ಸಾವಿರದ ಮೇಲೆ ಚಿತ್ರ ಬರುತ್ತವೆ. ಆದರೆ ಅದರ ವ್ಯೂಫೈಂಡರ್‌ನಲ್ಲಿ ಹಕ್ಕಿಯ ಕಣ್ಣು ಹಿಡಿಯುವ ವ್ಯವಸ್ಥೆ ಇಲ್ಲ. ನಿಮ್ಮ ಆಸೆಗೆ ಬೇಕಾದದ್ದು ಆ ವ್ಯವಸ್ಥೆಯೇ.

ಇನ್ನು ಆರ್10, ಆರ್7. ಆರ್7ರಲ್ಲಿ ಬಾಡಿಯೊಳಗೇ ಅಲುಗಾಟ ತಡೆ, ಎರಡು ಕಾರ್ಡ್ ಜಾಗ, ದೊಡ್ಡ ಬ್ಯಾಟರಿ ಇವೆ. ಕೈಯಲ್ಲಿ ಹಣ ಧಾರಾಳವಾಗಿದ್ದರೆ ಅದೇ ಸರಿ. ಇಲ್ಲವಾದರೆ ನಮ್ಮ ಸ್ಪಷ್ಟ ಸಲಹೆ ಆರ್10. ಆರ್7ಕ್ಕೆ ಕೊಡಬೇಕಿದ್ದ ಹೆಚ್ಚುವರಿ ಹಣವನ್ನು ಆರ್‌ಎಫ್ 100-400 (ಎಫ್/5.6-8) ಲೆನ್ಸ್ ಕಡೆ ತಿರುಗಿಸಿ. ಮೇಲಿನ ಅದೇ ಮಂಗಟ್ಟೆ 400ರಲ್ಲಿ 13 ಮಿ.ಮೀ. ಆಗುತ್ತದೆ, ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು. ಲೆನ್ಸ್‌ನ ತೂಕ 635 ಗ್ರಾಂ ಮಾತ್ರ, ಅಲುಗಾಟ ತಡೆ ಅದರಲ್ಲೇ ಇದೆ. ಕೊರತೆ ಒಂದೇ: 400ರಲ್ಲಿ ಎಫ್/8, ಅಂದರೆ 250ರ ಎಫ್/5.6ಕ್ಕಿಂತ ಅರ್ಧ ಬೆಳಕು. ಮಂಗಟ್ಟೆ ಹಣ್ಣಿನ ಮರದ ನೆತ್ತಿಯಲ್ಲಿ ಬಿಸಿಲಿಗೆ ಕೂರುವುದರಿಂದ ಅಲ್ಲಿ ತೊಂದರೆಯಿಲ್ಲ. ಗಣೇಶಗುಡಿಯಲ್ಲಿ ಹಕ್ಕಿಗಳು ಸ್ನಾನಕ್ಕೆ ಬರುವ ನೀರಿನ ತೊಟ್ಟಿಗಳು ಇರುವುದು ಮರದ ನೆರಳಲ್ಲಿ, ಹಕ್ಕಿ ಹತ್ತಿರವೇ ಬರುತ್ತದೆ. ಅಲ್ಲಿಗೆ ಹಳೆಯ 55-250 ಹಾಕಿ.

ಅದಕ್ಕೆ ಇಎಫ್-ಇಒಎಸ್ ಆರ್ ಅಡಾಪ್ಟರ್ ಬೇಕು. ಒಳಗೆ ಗಾಜಿಲ್ಲದ ಬರೀ ಬಳೆ ಅದು, ಬೆಳಕು ತಿನ್ನುವುದಿಲ್ಲ. ಚಿನ್ನದ ಬಣ್ಣದ ಸಂಪರ್ಕ ಬಿಂದುಗಳ ಮೇಲೆ ಬೆರಳಿನ ಜಿಡ್ಡು ಕೂತರೆ ‘ಎರರ್ 01’ ಬರುತ್ತದೆ. ಕ್ಯಾಮೆರಾ ಆಫ್ ಮಾಡಿ ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹಳೆಯ ಬ್ಯಾಟರಿ ಈ ಯಾವ ಬಾಡಿಗೂ ಕೂರುವುದಿಲ್ಲ. ವ್ಯೂಫೈಂಡರ್ ನೋಡಿಕೊಂಡು ತೆಗೆದರೆ ಆರ್10ರ ಒಂದು ಬ್ಯಾಟರಿಗೆ ಕಂಪನಿ ಹೇಳುವ ಲೆಕ್ಕ 260ರ ಆಸುಪಾಸು. ಮೂರು ಬ್ಯಾಟರಿ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಪ್ರವಾಸ ಮುಗಿಸಿ ಬಂದಮೇಲೆ ಹಲವರಿಗೆ ತಲೆನೋವಾಗುವಂಥದ್ದು: 1200ಡಿಯ ರಾ ಫೈಲು ಸಿಆರ್2, ಹೊಸದರದ್ದು ಸಿಆರ್3. ಹಳೆಯ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ತೆರೆಯುವುದೇ ಇಲ್ಲ. ಕ್ಯಾನನ್ ಉಚಿತವಾಗಿ ಕೊಡುವ ಡಿಪಿಪಿ ಎಂಬ ಎಡಿಟಿಂಗ್ ಸಾಫ್ಟ್‌ವೇರನ್ನು ಈಗಲೇ ಹಾಕಿಕೊಂಡು ನೋಡಿ.

ಬಾಡಿಯನ್ನು ಈ ವಾರವೇ ಕೊಂಡುಬಿಡಿ, ಹೊರಡುವ ಹಿಂದಿನ ದಿನವಲ್ಲ. ಅಭ್ಯಾಸಕ್ಕೆ ನಿಮ್ಮ ಊರಿನ ಕಾಫಿ ತೋಟದಷ್ಟು ಒಳ್ಳೆಯ ಜಾಗ ಬೇರೆಲ್ಲೂ ಸಿಗದು. ಬೆಳಗ್ಗೆ ಏಳಕ್ಕೆ ಸಿಲ್ವರ್ ಓಕ್, ಹಲಸಿನ ಕೆಳಗಿನ ಬೆಳಕು ದಾಂಡೇಲಿಯ ಕಾಡಿನ ಬೆಳಕಿನಂತೆಯೇ. ಸರ್ವೋ ಫೋಕಸ್ (ಚಲಿಸುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವುದು), ಗುರಿ ‘ಪ್ರಾಣಿ’, ಆಟೋ ಐಎಸ್‌ಒ ಮಿತಿ 6400 ಇಡಿ. ಶಟರ್ ವೇಗ ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವುದಕ್ಕೆ 1/2000. ಎಲೆಕ್ಟ್ರಾನಿಕ್ ಶಟರ್ ಬೇಡ. ಸೆನ್ಸರ್ ಮೇಲಿಂದ ಕೆಳಕ್ಕೆ ನಿಧಾನವಾಗಿ ಓದುವುದರಿಂದ ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತದೆ.

ಮಿರರ್‌ಲೆಸ್‌ಗೆ (ಆರ್10, ಆರ್7ನಂಥ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗೆ) ಹೊಸಬರು ಎಡವುವುದು ಇಲ್ಲಿ: ಫೋಕಸ್ ಹತ್ತಿರದ ಮೆಣಸಿನ ಎಲೆಗೆ ಅಂಟಿಕೊಂಡರೆ ಹಿಂದಿನ ಹಕ್ಕಿ ಪೂರ್ತಿ ಮಸುಕಾಗಿ, ಕ್ಯಾಮೆರಾಗೆ ಅದು ಅಲ್ಲಿರುವುದೇ ತಿಳಿಯುವುದಿಲ್ಲ. ಬಟನ್ ಒತ್ತುತ್ತಲೇ ಇದ್ದರೆ ಪ್ರಯೋಜನವಿಲ್ಲ. ಹಕ್ಕಿಯಷ್ಟೇ ದೂರದ ಮರದ ಕಾಂಡಕ್ಕೆ ಒಮ್ಮೆ ಫೋಕಸ್ ಮಾಡಿ, ಮತ್ತೆ ಹಕ್ಕಿಗೆ ಬನ್ನಿ, ತಕ್ಷಣ ಹಿಡಿಯುತ್ತದೆ. ಎಲೆ ದಟ್ಟವಾಗಿರುವಲ್ಲಿ ಪೂರ್ತಿ ಚೌಕಟ್ಟಿನ ಬದಲು ಒಂದೇ ಬಿಂದು ಬಳಸಿ. ಬಿಳಿಚಿದ ಆಕಾಶದ ಎದುರು ಕೂತ ಹಕ್ಕಿಗೆ ಎಕ್ಸ್‌ಪೋಷರ್ +1ರಿಂದ +1.7ರವರೆಗೆ ಏರಿಸಿ, ಇಲ್ಲವಾದರೆ ಕರಿ ನೆರಳು ಮಾತ್ರ ಬರುತ್ತದೆ. ಕಾಡಿನ ಕಪ್ಪು ಹಿನ್ನೆಲೆಯಿದ್ದರೆ ತದ್ವಿರುದ್ಧ: -0.7 ಮಾಡದಿದ್ದರೆ ಮಂಗಟ್ಟೆಯ ಕತ್ತಿನ ಬಿಳಿ ಸುಣ್ಣ ಬಳಿದಂತಾಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 90ಡಿ ನೋಡಲು ಹೋಗುತ್ತಿದ್ದೇನೆ. ಏನೇನು ಪರೀಕ್ಷಿಸಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮದೇ ಕಾರ್ಡ್, ನಿಮ್ಮದೇ ಲೆನ್ಸ್ ಒಯ್ಯಿರಿ. ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಧೂಳು, ಬ್ಲೋವರ್‌ನಿಂದ ಊದಿದರೆ ಸಾಮಾನ್ಯವಾಗಿ ಹೋಗುತ್ತದೆ. ಜೇಡರ ಬಲೆಯಂಥ ಎಳೆ ಕಂಡರೆ ಬೂಸ್ಟು, ಬೇಡವೆನ್ನಿ. ಮುಚ್ಚಳ ಹಾಕಿ ಐಎಸ್‌ಒ 3200ರಲ್ಲಿ ಒಂದು ತೆಗೆದರೆ ಕೆಟ್ಟ ಪಿಕ್ಸೆಲ್‌ಗಳು ಬಣ್ಣದ ಚುಕ್ಕಿಯಾಗಿ ಕಾಣುತ್ತವೆ. ಬ್ಯಾಟರಿ ಗೂಡು, ಕೇಬಲ್ ತೂತುಗಳಲ್ಲಿ ಹಸಿರು ಕಿಲುಬು ಇದ್ದರೆ ಮಳೆನೀರು ಒಳಹೊಕ್ಕಿದೆ ಎಂದೇ ತಿಳಿಯಿರಿ. 90ಡಿಯ ಶಟರ್ 1,20,000 ಬಾರಿಗೆ ಪರೀಕ್ಷಿಸಿದ್ದು. ಆದರೆ ಹೆಚ್ಚಿನ ಕ್ಯಾನನ್ ಬಾಡಿಗಳು ಈ ಎಣಿಕೆಯನ್ನು ಚಿತ್ರದ ಫೈಲಿನಲ್ಲಿ ಬರೆದಿಡುವುದಿಲ್ಲ. ಫೈಲ್ ಸಂಖ್ಯೆ ತೋರಿಸಿ ‘ಇಷ್ಟೇ ಓಡಿದೆ’ ಎಂದರೆ ಒಪ್ಪಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಹೊಸ ಕ್ಯಾಮೆರಾವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಸ್ಟು ಹಿಡಿಯುವುದಿಲ್ಲವಲ್ಲವೇ?
– ಓದುಗರು, ಮಡಿಕೇರಿ

ಉತ್ತರ: ಬೂಸ್ಟು ತಪ್ಪಬಹುದು, ಹೊಗೆ, ಎಣ್ಣೆಜಿಡ್ಡು ಗಾಜಿಗೂ ಸಂಪರ್ಕ ಬಿಂದುಗಳಿಗೂ ಕೂರುತ್ತವೆ. ಅಟ್ಟ ಬೇಡ. ಕ್ಯಾಮೆರಾ ಬ್ಯಾಗಿನಲ್ಲಿಯೂ ಬೇಡ, ಅದರ ಸ್ಪಂಜು ತೇವ ಹೀರಿ ಹಿಡಿದುಕೊಳ್ಳುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಜೊತೆಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಡಿ. ಅದು ಶೇ 40ರಿಂದ 50ರೊಳಗೆ ನಿಂತಿರಬೇಕು. ಬಣ್ಣ ತಿರುಗುವ ಕಿತ್ತಳೆ ಜೆಲ್ ಒಳ್ಳೆಯದು. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಕಿತ್ತಳೆ ಹಸಿರಿಗೆ ತಿರುಗಿದಾಗ ಓವನ್‌ನಲ್ಲಿ ಸುಮಾರು 110 ಡಿಗ್ರಿಗೆ ಒಂದೆರಡು ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಮಡಿಕೇರಿಯ ಜುಲೈಯಲ್ಲಿ ಡಬ್ಬಿ ಪದೇ ಪದೇ ತೆರೆಯುವವರು ವಾರಕ್ಕೊಮ್ಮೆಯಾದರೂ ಮೀಟರ್ ನೋಡಬೇಕು.