ಪ್ರಶ್ನೆ ನಿಮ್ಮದು: ಬಾಂಡ್‌ಗೆ ಇವರೇ ಯಾಕೆ?

ಪ್ರಶ್ನೆ: ಮುಂದಿನ ಜೇಮ್ಸ್ ಬಾಂಡ್ ಸಿನಿಮಾಗೆ ಡೆನಿ ವಿಲ್ನೆವ್ ನಿರ್ದೇಶಕ ಅಂತ ಗೊತ್ತಾದ ದಿನದಿಂದ ನನಗೂ ನಮ್ಮಣ್ಣನಿಗೂ ಜಗಳ. ‘ಆ ಮನುಷ್ಯನ ಸಿನಿಮಾದಲ್ಲಿ ಎಲ್ಲರೂ ಮರಳು ನೋಡ್ತಾ ನಿಂತಿರ್ತಾರೆ. ಬಾಂಡ್ ಹಾಗೆ ನಿಂತ್ರೆ ಗುಂಡು ಬೀಳುತ್ತೆ’ ಅಂತಾನೆ ಅಣ್ಣ. ನನಗೋ ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ ಅನಿಸುತ್ತೆ. ತೀರ್ಪು ನೀವೇ ಕೊಡಿ.
— ಅಣ್ಣನ ಜೊತೆ ಮಾತು ಬಿಟ್ಟ ತಂಗಿ

ಉತ್ತರ: ಮೊದಲು ಮಾತು ಶುರು ಮಾಡಿ ತಾಯಿ. ಮರಳಿನ ಮಾತು ಹೇಳಿದ ಅಣ್ಣನನ್ನ ಹಾಗೆಲ್ಲ ಕಳೆದುಕೊಳ್ಳಬಾರದು. ನಾನಂತೂ ಪತ್ರ ಓದುತ್ತಾ ಒಬ್ಬನೇ ನಕ್ಕೆ.

ಆದರೆ ತೀರ್ಪು ನಿಮ್ಮ ಕಡೆಗೇ. ಅಣ್ಣ ವಿಲ್ನೆವ್ ಅವರ ಮರುಭೂಮಿ ಸಿನಿಮಾ ‘ಡೂನ್’ ಒಂದನ್ನೇ ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ. ಅವರನ್ನ ಕೂರಿಸಿ ಅದೇ ವಿಲ್ನೆವ್ ಮಾಡಿದ 2015ರ ‘ಸಿಕಾರಿಯೊ’ ಹಾಕಿ. ಪೂರ್ತಿ ಬೇಡ, ಗಡಿ ದಾಟುವ ದೃಶ್ಯ ಸಾಕು. ಮೆಕ್ಸಿಕೊದಿಂದ ಕೈದಿಯೊಬ್ಬನನ್ನ ಹಿಡಿದುಕೊಂಡು ಅಮೆರಿಕದ ಪೊಲೀಸರ ಕಪ್ಪು ಗಾಡಿಗಳು ವಾಪಸ್ ಬರುತ್ತಿವೆ. ಸೇತುವೆ ಹತ್ತಿರ ಟ್ರಾಫಿಕ್ ಜಾಮ್. ಸುತ್ತ ಸಾಲು ಸಾಲು ಕಾರು, ಒಂದೂ ಅಲುಗಾಡುತ್ತಿಲ್ಲ. ಎಡಗಡೆ ಎರಡು ಸಾಲು ಆಚೆ ಒಂದು ಕೆಂಪು ಕಾರು. ಒಳಗಿರುವವರ ಮುಖ ಸರಿ ಇಲ್ಲ. ಅಷ್ಟೇ, ಬೇರೇನೂ ಆಗುತ್ತಿಲ್ಲ. ಆದರೂ ನೋಡುವವರು ಕುರ್ಚಿ ಅಂಚಿಗೆ ಬಂದಿರುತ್ತಾರೆ. ಗುಂಡು ಹಾರುವುದು ಕೆಲವೇ ಸೆಕೆಂಡು. ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಗಾಡಿಯಲ್ಲೇ ಉಳಿದ ನಾಯಕಿ ಎಮಿಲಿ ಬ್ಲಂಟ್ ಪಕ್ಕದ ಕನ್ನಡಿ ನೋಡುತ್ತಾಳೆ. ಅಲ್ಲೊಬ್ಬ ಬಂದೂಕು ಹಿಡಿದು ಬರುತ್ತಿದ್ದಾನೆ.

ಇದು ಬಾಂಡ್ ದೃಶ್ಯವೇ ಅಲ್ವಾ? ಸೂಟು ಒಂದು ಇಲ್ಲ ಅಷ್ಟೇ.

ಅಣ್ಣ ‘ಉದ್ದ ಜಾಸ್ತಿ’ ಅಂದರೆ ಇದನ್ನೂ ಹೇಳಿ. ವಿಲ್ನೆವ್ ಅವರ ‘ಬ್ಲೇಡ್ ರನ್ನರ್ 2049’ 163 ನಿಮಿಷ. ಕಳೆದ ಬಾಂಡ್ ಸಿನಿಮಾ ‘ನೋ ಟೈಮ್ ಟು ಡೈ’ ಎಷ್ಟು? ಅದೂ 163. ಹಾಗಾಗಿ ಗಡಿಯಾರದ ಮಾತು ನಡೆಯುವುದಿಲ್ಲ.

‘ಕಲಾತ್ಮಕ ನಿರ್ದೇಶಕ ಬಾಂಡ್‌ಗೆ ಒಗ್ಗೋದಿಲ್ಲ’ ಅನ್ನುವುದು ಹಳೇ ಹಾಡು. ಸ್ಯಾಮ್ ಮೆಂಡಿಸ್ ಬಂದಾಗಲೂ ಇದೇ ಮಾತು ಕೇಳಿದ್ದೆ. ನಾಟಕದ ಮನುಷ್ಯ, ‘ಅಮೆರಿಕನ್ ಬ್ಯೂಟಿ’ ಮಾಡಿದವರು, ಇವರಿಗೆ ಹೊಡೆದಾಟ ಬರುತ್ತಾ ಅಂತ. 2012ರಲ್ಲಿ ‘ಸ್ಕೈಫಾಲ್’ ಬಂತು. ನೂರು ಕೋಟಿ ಡಾಲರ್ ಗಳಿಕೆ ದಾಟಿದ ಮೊದಲ ಬಾಂಡ್ ಸಿನಿಮಾ ಅದು. ಇಷ್ಟಕ್ಕೂ ರೈಲಿನ ಮೇಲೆ ಹೊಡೆದಾಡಿಸುವ ಕೆಲಸಕ್ಕೆ ಬಾಂಡ್ ತಂಡದಲ್ಲಿ ಎರಡನೇ ಯೂನಿಟ್ ಅಂತ ಬೇರೆಯೇ ಇರುತ್ತದೆ, ಅದಕ್ಕೆ ಬೇರೆ ನಿರ್ದೇಶಕರು. ‘ಕ್ಯಾಸಿನೊ ರಾಯಲ್’, ‘ಸ್ಕೈಫಾಲ್’ ಎರಡರಲ್ಲೂ ಆ ಕೆಲಸ ಅಲೆಕ್ಸಾಂಡರ್ ವಿಟ್ ಅವರದ್ದು. ಅಭಿಮಾನಿಗಳ ಜಗಳದಲ್ಲಿ ಈ ಹೆಸರು ಬರುವುದೇ ಇಲ್ಲ, ಪಾಪ.

ಇನ್ನು ಅಣ್ಣನ ಕೈಗೆ ನಾನೇ ಒಂದು ಅಸ್ತ್ರ ಕೊಡುತ್ತೇನೆ, ನ್ಯಾಯ ಅಂದರೆ ನ್ಯಾಯ. ಅದೇ ಮೆಂಡಿಸ್ 2015ರಲ್ಲಿ ‘ಸ್ಪೆಕ್ಟರ್’ ಮಾಡಿದರು. ಅದೇ ನಿರ್ದೇಶಕ, ಅದೇ ನಾಯಕ. ಸಿನಿಮಾ ಮಾತ್ರ ಉಸಿರು ಬಿಟ್ಟ ಬಲೂನು. ಅಂದರೆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದರಿಂದ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಕಥೆ ಯಾರ ಕೈಯಲ್ಲಿದೆ, ಕೊನೇ ಮಾತು ಯಾರದ್ದು, ಇದು ಉಳಿದರ್ಧ. ನಾನು ಯಾವ ನಿರ್ದೇಶಕರ ಹೆಸರು ಕೇಳಿದರೂ ಮೊದಲು ಹುಡುಕುವುದು ಇದನ್ನೇ.

ಡ್ಯಾನಿ ಬಾಯ್ಲ್ ಕಥೆ ನೋಡಿ. 2018ರ ಮೇ ತಿಂಗಳಲ್ಲಿ ಅವರೇ ಬಾಂಡ್ ನಿರ್ದೇಶಕ ಅಂತ ಘೋಷಣೆ ಆಯಿತು. ಆಗಸ್ಟ್‌ನಲ್ಲಿ ಹೊರಗೆ. ಅವರ ಜೊತೆ ಬಂದ ಬರಹಗಾರ ಜಾನ್ ಹಾಜ್ ಅವರ ಚಿತ್ರಕಥೆ ನಿರ್ಮಾಪಕರಿಗೆ ಹಿಡಿಸಲಿಲ್ಲ. ಬರಹಗಾರನನ್ನ ಬಿಟ್ಟು ನಾನೊಬ್ಬನೇ ಇರುವುದಿಲ್ಲ ಅಂತ ಬಾಯ್ಲ್ ಎದ್ದು ಬಂದರು. ಈ ಸಲ 2025ರ ಜೂನ್‌ನಲ್ಲಿ ನಿರ್ದೇಶಕರ ಹೆಸರು ಬಂತು, ಆಮೇಲೆ ಬರಹಗಾರ ಸ್ಟೀವನ್ ನೈಟ್ ಹೆಸರು. ನಿರ್ದೇಶಕ ಮೊದಲು, ಕಥೆ ಆಮೇಲೆ. ಒಳ್ಳೇ ಲಕ್ಷಣ ಅಂತ ನನ್ನ ಲೆಕ್ಕ. ಜೊತೆಗೆ ಇಬ್ಬರು ನಿರ್ಮಾಪಕರಲ್ಲಿ ಒಬ್ಬರು ಡೇವಿಡ್ ಹೇಮನ್. ಆ ಹೆಸರು ನೆನಪಿಟ್ಟುಕೊಂಡು ಮುಂದಿನ ಉತ್ತರ ಓದಿ.

ಪ್ರಶ್ನೆ: ಎಲ್ಲರ ಊಹೆ ತಪ್ಪು ಅಂತ ಬರೀತೀರಲ್ಲ, ನಿಮ್ಮದು ಯಾವತ್ತಾದರೂ ತಪ್ಪಾಗಿದೆಯಾ?
— ಸುಮ್ನೆ ಕೇಳಿದೆ

ಉತ್ತರ: ಸುಮ್ನೆ ಕೇಳಿಲ್ಲ ನೀವು. ಆಗಿದೆ, ಚೆನ್ನಾಗಿಯೇ ಆಗಿದೆ.

ಹ್ಯಾರಿ ಪಾಟರ್ ಮೊದಲ ಎರಡು ಸಿನಿಮಾ ಕ್ರಿಸ್ ಕೊಲಂಬಸ್ ಅವರದ್ದು. ಮೂರನೆಯದಕ್ಕೆ ಅಲ್ಫಾನ್ಸೊ ಕ್ವಾರೋನ್ ಅಂದರು. ಆಗ ಅವರ ಹೊಸ ಸಿನಿಮಾ ಇಬ್ಬರು ಹುಡುಗರು, ಒಬ್ಬ ಹೆಂಗಸಿನ ಪ್ರಯಾಣದ ಕಥೆ, ಕಟ್ಟಾ ವಯಸ್ಕರ ಸಿನಿಮಾ. ‘ಮಕ್ಕಳ ಸಿನಿಮಾ ತಗೊಂಡು ಹೋಗಿ ಇವರ ಕೈಗೆ ಕೊಟ್ಟರಲ್ಲ’ ಅಂತ ನಾನು ಕೂಗಾಡಿದ್ದೆ. ನಮ್ಮ ಭಾವನ ಜೊತೆ ಪಂದ್ಯ ಬೇರೆ. ಸೋತವರು ಗೆದ್ದವರ ಎದುರು ‘ನನಗೆ ಸಿನಿಮಾ ಗೊತ್ತಿಲ್ಲ’ ಅಂತ ಮೂರು ಸಲ ಹೇಳಬೇಕು.

ಕ್ವಾರೋನ್ ಅದಕ್ಕೂ ಮೊದಲು ‘ಎ ಲಿಟಲ್ ಪ್ರಿನ್ಸೆಸ್’ ಅಂತ ಮಕ್ಕಳ ಸಿನಿಮಾನೇ ಮಾಡಿದ್ದರು. ನಾನು ನೋಡಿರಲಿಲ್ಲ. ನಿಮ್ಮಣ್ಣನ ತಪ್ಪೇ ನನ್ನದೂ, ಮೇಲಿನ ಪತ್ರದ ತಂಗೀ.

ಅವರು ಬಂದವರೇ ಮಾಡಿದ ಕೆಲಸ ಏನು ಗೊತ್ತಾ? ಮೂವರು ಮಕ್ಕಳಿಗೂ ‘ನಿಮ್ಮ ಪಾತ್ರದ ಬಗ್ಗೆ ಪ್ರಬಂಧ ಬರೆದು ತನ್ನಿ’ ಅಂದರು. ಹರ್ಮಯನಿ ಪಾತ್ರದ ಎಮ್ಮಾ ವಾಟ್ಸನ್ ಹಾಳೆಗಟ್ಟಲೆ ಬರೆದು ತಂದಳು. ಹ್ಯಾರಿ ಪಾತ್ರದ ಡೇನಿಯಲ್ ರ‍್ಯಾಡ್‌ಕ್ಲಿಫ್ ಒಂದೇ ಪುಟ. ರಾನ್ ಪಾತ್ರದ ರೂಪರ್ಟ್ ಗ್ರಿಂಟ್ ಬರೆಯಲೇ ಇಲ್ಲ. ರಾನ್ ಆಗಿದ್ದರೂ ಬರೆಯುತ್ತಿರಲಿಲ್ಲ! ಮೂರೂ ಸರಿ ಉತ್ತರ. ಯೂನಿಫಾರ್ಮನ್ನೂ ಮಕ್ಕಳಿಗೆ ಹೇಗೆ ಬೇಕೋ ಹಾಗೆ ಹಾಕಿಕೊಳ್ಳಲು ಬಿಟ್ಟರು. ಒಬ್ಬನ ಅಂಗಿ ಹೊರಗೆ, ಇನ್ನೊಬ್ಬನ ಟೈ ಸಡಿಲ. ಅಲ್ಲಿಯವರೆಗೆ ಫೋಟೊಗೆ ನಿಂತ ಹಾಗಿದ್ದ ಮಕ್ಕಳು 2004ರ ಆ ಸಿನಿಮಾದಲ್ಲಿ ನಿಜವಾದ ಶಾಲೆ ಮಕ್ಕಳಾದರು.

ಕ್ವಾರೋನ್ ಅವರನ್ನ ಕರೆತಂದ ನಿರ್ಮಾಪಕ ಡೇವಿಡ್ ಹೇಮನ್. ಈಗ ವಿಲ್ನೆವ್ ಬೆನ್ನಿಗಿರುವುದೂ ಅವರೇ. ನನ್ನ ಧೈರ್ಯಕ್ಕೆ ಕಾರಣ ಇದು.

ಒಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ. ಎಂಟು ಪಾಟರ್ ಸಿನಿಮಾಗಳಲ್ಲಿ ಬಿಡುಗಡೆಯ ಹೊತ್ತಿಗೆ ಕಡಿಮೆ ಗಳಿಸಿದ್ದು ಈ ಮೂರನೆಯದೇ. ಹಾಗೆ ನೋಡಿದರೆ ಪಂದ್ಯ ಯಾರು ಗೆದ್ದರು ಅಂತ ಇವತ್ತಿಗೂ ವಾದ ಮಾಡಬಹುದು. ನಾನು ಮಾಡಲಿಲ್ಲ. ಮೂರು ಸಲ ಹೇಳಿದೆ. ಭಾವ ನಾಲ್ಕನೇ ಸಲವೂ ಹೇಳಿಸಿದರು.

ಪ್ರಶ್ನೆ: ದೊಡ್ಡ ಸಿನಿಮಾಗಳಿಂದ ನಿರ್ದೇಶಕರು ಅರ್ಧಕ್ಕೆ ಹೊರಬಂದಾಗಲೆಲ್ಲ ‘ಕ್ರಿಯೇಟಿವ್ ಡಿಫರೆನ್ಸ್’ ಅಂತಾರೆ. ಒಳಗೆ ನಿಜವಾಗಿ ಏನಾಗಿರುತ್ತೆ?
— ಕುತೂಹಲಿ

ಉತ್ತರ: ನಾನು ಎಡಿಟಿಂಗ್ ರೂಮಿನಲ್ಲಿ ಸಹಾಯಕನಾಗಿ ಕೂತಿದ್ದ ಕಾಲದ್ದೊಂದು ಸಂಜೆ ಹೇಳುತ್ತೇನೆ. ಗಂಡ ಮನೆ ಬಿಟ್ಟು ಹೋದ ಮೇಲೆ ಹೆಂಡತಿ ಬಾಗಿಲಲ್ಲಿ ನಿಲ್ಲುವ ಶಾಟ್. ನಲವತ್ತು ಸೆಕೆಂಡು. ನಿರ್ದೇಶಕರಿಗೆ ಅದು ಜೀವ. ನಿರ್ಮಾಪಕರು ಬಂದು ನೋಡಿದರು. ‘ಆಯಮ್ಮ ಒಳಗೆ ಹೋಗೋದು ಯಾವಾಗ?’ ಅಂದರು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಹಾಕಿಸಿ ನೋಡಿದರು. ‘ಕಟ್ ಮಾಡ್ರಪ್ಪ’ ಅಂದು ಹೊರಟುಹೋದರು. ನಿರ್ದೇಶಕರು ಎದ್ದು ನೀರು ಕುಡಿದು ಬಂದು ಕೂತರು. ಹನ್ನೊಂದು ಸೆಕೆಂಡು ಉಳಿಯಿತು. ಕತ್ತರಿಸಿದ್ದು ನನ್ನ ಕೈ, ಅದಕ್ಕೇ ಲೆಕ್ಕ ನೆನಪಿದೆ.

ಹಾಲಿವುಡ್‌ನಲ್ಲೂ ಇದೇ, ಹಣ ದೊಡ್ಡದು ಅಷ್ಟೇ. ಅಲ್ಲಿ ನಿರ್ದೇಶಕರ ಸಂಘದ ಒಪ್ಪಂದದ ಪ್ರಕಾರ ತನ್ನ ಇಷ್ಟದ ಹಾಗೆ ಎಡಿಟ್ ಮಾಡಿ ತೋರಿಸಲು ನಿರ್ದೇಶಕರಿಗೆ ಸಾಮಾನ್ಯವಾಗಿ ಹತ್ತು ವಾರ ಸಿಗುತ್ತದೆ. ಫೈನಲ್ ಕಟ್, ಅಂದರೆ ತೆರೆಗೆ ಹೋಗುವ ಕೊನೇ ರೂಪ ತೀರ್ಮಾನಿಸುವ ಹಕ್ಕು, ಬೇರೆ ಮಾತು. ಒಪ್ಪಂದದಲ್ಲಿ ಬರೆಸಿಕೊಂಡಿಲ್ಲ ಅಂದರೆ ಅದು ಸ್ಟುಡಿಯೊದ್ದೇ.

‘ಸೋಲೊ’ ಅನ್ನುವ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಫಿಲ್ ಲಾರ್ಡ್, ಕ್ರಿಸ್ ಮಿಲ್ಲರ್ ಅನ್ನುವ ಜೋಡಿಯನ್ನ 2017ರ ಜೂನ್‌ನಲ್ಲಿ ತೆಗೆದರು. ಆಗಲೇ ನಾಲ್ಕು ತಿಂಗಳಿಗೂ ಜಾಸ್ತಿ ಶೂಟಿಂಗ್ ಆಗಿತ್ತು! ಆ ಜೋಡಿಗೆ ನಟರು ಸ್ಥಳದಲ್ಲೇ ಮಾತು ಹುಟ್ಟಿಸಿದರೆ ಖುಷಿ. ಮೇಲಿನವರಿಗೆ ಬರೆದದ್ದು ಬರೆದ ಹಾಗೆ ಬರಬೇಕು. ರಾನ್ ಹೊವರ್ಡ್ ಬಂದು ಬಹುಪಾಲು ಮತ್ತೆ ಶೂಟ್ ಮಾಡಿ ಮುಗಿಸಿದರು. ನನಗೆ ಅರ್ಥವಾಗದೇ ಇರುವುದು ಒಂದೇ: ಆ ಜೋಡಿಯ ಹಳೇ ಸಿನಿಮಾ ನೋಡಿಯೇ ಅಲ್ವಾ ಕರೆದದ್ದು? ಅವರು ಹಾಗೇ ಮಾಡುವವರು ಅಂತ ಗೊತ್ತಿರಲಿಲ್ವಾ? ಅದೇ ಜೋಡಿ 2019ರಲ್ಲಿ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾವೊಂದರ ನಿರ್ಮಾಪಕರಾಗಿ ಆಸ್ಕರ್ ತಗೊಂಡರು.

ಪ್ರಶ್ನೆ: ನಿರ್ದೇಶಕರನ್ನ ಬದಲಾಯಿಸಿ ಅಂತ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದ್ದೇನೆ. ಅದರಿಂದ ಏನಾದರೂ ಆಗುತ್ತಾ?
— ಸಹಿಗಾರ

ಉತ್ತರ: ನಿರ್ದೇಶಕರು ಬದಲಾಗುವುದಿಲ್ಲ. ಆದರೆ ಅಭಿಮಾನಿಗಳ ಹಟ ದಂಡ ಅನ್ನಲಾರೆ. ‘ಜಸ್ಟಿಸ್ ಲೀಗ್’ ಮಾಡುತ್ತಿದ್ದ ಝ್ಯಾಕ್ ಸ್ನೈಡರ್ ಮಗಳನ್ನ ಕಳೆದುಕೊಂಡು 2017ರಲ್ಲಿ ಅರ್ಧಕ್ಕೆ ಬಿಟ್ಟರು. ಜಾಸ್ ವೀಡನ್ ಮುಗಿಸಿದರು. ಎರಡು ಅಂಗಡಿಯ ಬಟ್ಟೆ ಸೇರಿಸಿ ಹೊಲಿದ ಹಾಗಿತ್ತು ಆ ಸಿನಿಮಾ. ಸ್ನೈಡರ್ ಆವೃತ್ತಿ ಬೇಕು ಅಂತ ಅಭಿಮಾನಿಗಳು ವರ್ಷಗಟ್ಟಲೆ ಬಿಡದೆ ಕೂಗಿದರು. 2021ರಲ್ಲಿ ನಾಲ್ಕು ಗಂಟೆಯ ಸಿನಿಮಾ ಬಂತು. ಗಮನಿಸಿ, ಅವರು ಕೇಳಿದ್ದು ‘ಇವರನ್ನ ತೆಗೀರಿ’ ಅಂತ ಅಲ್ಲ, ‘ಇವರು ಮಾಡಿದ್ದನ್ನ ತೋರಿಸಿ’ ಅಂತ. ನನಗೆ ಆ ನಾಲ್ಕು ಗಂಟೆ ಜಾಸ್ತಿಯೇ ಆಯಿತು, ಅದು ಬೇರೆ ವಿಷಯ.

ಪ್ರಶ್ನೆ: ನಿಮ್ಮ ಪ್ರಕಾರ ಸರಣಿ ಸಿನಿಮಾಗೆ ನಿರ್ದೇಶಕರನ್ನ ಅತಿ ಚೆನ್ನಾಗಿ ಆರಿಸಿದ್ದು ಯಾವುದು? ಒಂದೇ ಹೆಸರು.

ಉತ್ತರ: ಅರ್ವಿನ್ ಕರ್ಶ್ನರ್. 1980ರ ಸ್ಟಾರ್ ವಾರ್ಸ್ ಎರಡನೇ ಸಿನಿಮಾ. ಜಾರ್ಜ್ ಲ್ಯೂಕಸ್ ಹೋಗಿ ಹೋಗಿ ತನಗೆ ಪಾಠ ಹೇಳಿದ ಮೇಷ್ಟ್ರನ್ನೇ ಕರೆತಂದರು. ಐವತ್ತು ದಾಟಿದವರು, ಅಂತರಿಕ್ಷದ ಕಥೆ ಮಾಡಿದವರೇ ಅಲ್ಲ. ನಾಯಕಿ ‘ಐ ಲವ್ ಯೂ’ ಅಂದಾಗ ಹ್ಯಾನ್ ಸೋಲೊ ವಾಪಸ್ ಹೇಳುವ ಮಾತು ಬರೆದ ಹಾಗೆ ಬಂದರೆ ಸಪ್ಪೆ ಅನಿಸಿತು. ಕರ್ಶ್ನರ್ ಅವರೂ ಸೋಲೊ ಪಾತ್ರದ ಹ್ಯಾರಿಸನ್ ಫೋರ್ಡ್ ಅವರೂ ಅಲ್ಲೇ ನಿಂತು ತಡಕಾಡಿದರು. ಕೊನೆಗೆ ಉಳಿದದ್ದು ‘ಐ ನೋ’. ಎರಡು ಪದ. ಕಥೆಯ ಒಡೆಯ ಲ್ಯೂಕಸ್ ಅದನ್ನ ಹಾಗೇ ಉಳಿಯಲು ಬಿಟ್ಟರು.

ಪ್ರಶ್ನೆ: ಬಾಂಡ್ ಸಿನಿಮಾವನ್ನ ಹೆಂಗಸರು ಯಾರಾದರೂ ನಿರ್ದೇಶಿಸಿದ್ದಾರಾ? ನಿಮ್ಮ ಅಂಕಣದಲ್ಲಿ ಬರೀ ಗಂಡಸರ ಹೆಸರೇ ಕಾಣ್ತಿದೆ.
— ಖಾಯಂ ಓದುಗಿ

ಉತ್ತರ: 1962ರಿಂದ 2021ರವರೆಗೆ ಮೂಲ ಸರಣಿಯಲ್ಲಿ 25 ಸಿನಿಮಾ. ಒಬ್ಬರೂ ಇಲ್ಲ. ಈ ವಾರ ನಾನು ಬರೆದದ್ದನ್ನ ಮತ್ತೆ ಓದಿ ನೋಡಿದೆ. ನಿರ್ದೇಶಕರ ಹೆಸರು ಹತ್ತಕ್ಕಿಂತ ಜಾಸ್ತಿ ಬಂದಿವೆ, ಎಲ್ಲ ಗಂಡಸರೇ, ನೀವು ಹೇಳಿದ್ದು ಸರಿ. ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಅವರನ್ನ ಎರಡನೇ ‘ಥಾರ್’ ಸಿನಿಮಾಗೆ ಆರಿಸಿದ್ದರು, ಅದೂ ನಿಲ್ಲಲಿಲ್ಲ. ಆಮೇಲೆ 2017ರಲ್ಲಿ ಅವರೇ ‘ವಂಡರ್ ವುಮನ್’ ಮಾಡಿದರು. ಅವರ ಬಗ್ಗೆ ಒಂದು ಪ್ರಶ್ನೆ ಕಳಿಸಿ, ಮುಂದಿನ ಸಲ ಜಾಗ ಇಟ್ಟಿರುತ್ತೇನೆ.