ಜ್ವರ ಹೋಯಿತು, ಕುತ್ತಿಗೆ ನೋವು ಉಳಿಯಿತು

ಪ್ರಶ್ನೆ: ಡಾಕ್ಟ್ರೇ, ವೈರಲ್ ಜ್ವರ ಬಿಟ್ಟ ಮೇಲೆ ಕುತ್ತಿಗೆ ಮುಂದೆ ಮುಟ್ಟಿದರೂ ನೋವು, ಕಿವಿವರೆಗೂ ಸೆಳೆಯುತ್ತದೆ. ಎದೆ ಡವಡವ. ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ತುಂಬಾ ಕಡಿಮೆ ಬಂದಿದೆ. ಜೀವನಪೂರ್ತಿ ಮಾತ್ರೆ ನುಂಗಬೇಕಾ?

ಉತ್ತರ: ಗಾಬರಿ ಬೇಡಮ್ಮ. ಇದು ಸಬ್‌ಅಕ್ಯೂಟ್ ಥೈರಾಯ್ಡೈಟಿಸ್, ಅಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಉರಿಯೂತ, ಇರಬಹುದು. ಇದರಲ್ಲಿ ಗ್ರಂಥಿ ಹೊಸದಾಗಿ ಜಾಸ್ತಿ ಹಾರ್ಮೋನ್ ತಯಾರಿಸುವುದಿಲ್ಲ, ಉರಿಯೂತದಿಂದ ಒಳಗೆ ಕೂಡಿಟ್ಟದ್ದೇ ಸೋರಿ ರಕ್ತಕ್ಕೆ ಸೇರುತ್ತದೆ, ಅದಕ್ಕೇ ಟಿಎಸ್‌ಎಚ್ ಕಡಿಮೆ, ಎದೆಬಡಿತ, ಕೈನಡುಕ. ಹಾಗಾಗಿ ತಯಾರಿ ತಡೆಯುವ ಕಾರ್ಬಿಮಜೋಲ್ ಸುಮ್ನೆ ನುಂಗಬೇಡಿ, ಇಲ್ಲಿ ಕೆಲಸ ಮಾಡುವುದಿಲ್ಲ. ಉರಿಯೂತ ತೋರಿಸುವ ಇಎಸ್‌ಆರ್ ರಕ್ತಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ ಏರಿರುತ್ತದೆ. ನೋವಿಗೆ ಐಬುಪ್ರೊಫೆನ್, ತಗ್ಗದಿದ್ದರೆ ಕೆಲವು ವಾರ ಸ್ಟೆರಾಯ್ಡ್, ಎದೆಬಡಿತಕ್ಕೆ ಪ್ರೊಪ್ರನೊಲೋಲ್ ಕೊಡುತ್ತಾರೆ, ಎಲ್ಲವೂ ವೈದ್ಯರು ನೋಡಿದ ಮೇಲೆಯೇ. ಆಸ್ತಮಾ ಇದ್ದರೆ ಮೊದಲೇ ಹೇಳಿ. ಮುಂದೆ ಹಾರ್ಮೋನ್ ಕಡಿಮೆಯಾಗಿ ಟಿಎಸ್‌ಎಚ್ ಏರಿ ಸುಸ್ತು ಕಾಣಿಸಬಹುದು, ಆದ್ದರಿಂದ 6 ವಾರಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ಬಹುತೇಕರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಕಾಯಂ ಬೇಕಾಗುವುದು ಕೆಲವರಿಗಷ್ಟೇ.