ಇಂಡೋನೇಷ್ಯಾದ ಜುವಾಂಡಾ ಸಂಪುಟದಲ್ಲಿ ಯಾರಿದ್ದರು, ಅದರ ಗುರಿ ಏನಿತ್ತು?

ಇದು 1957ರ ಏಪ್ರಿಲ್‌ನಿಂದ 1959ರ ಜುಲೈವರೆಗೆ ಇದ್ದ ಸರ್ಕಾರ. ಅಲ್ಲಿ ಇದನ್ನು 'ಕಾಬಿನೆಟ್ ಕಾರ್ಯಾ' ಅಂತಾರೆ. ನಮ್ಮ 'ಕಾರ್ಯ'ವೇ ಅದು, ಅಂದರೆ ಕೆಲಸ ಮಾಡುವ ಸಂಪುಟ.

1957ರ ಮಾರ್ಚ್‌ನಲ್ಲಿ ಅಲಿ ಸಾಸ್ತ್ರೋಅಮಿಜೋಯೋ ಸರ್ಕಾರ ರಾಜೀನಾಮೆ ಕೊಟ್ಟಿತು, ಅದೇ ದಿನ ಅಧ್ಯಕ್ಷ ಸುಕರ್ನೋ ತುರ್ತು ಸ್ಥಿತಿ ಘೋಷಿಸಿದರು. ಆಮೇಲೆ ಪಕ್ಷಗಳ ಚೌಕಾಸಿ ಬದಿಗಿಟ್ಟು ಸಂಪುಟವನ್ನು ತಾವೇ ರಚಿಸಿದರು. ಪ್ರಧಾನಿಯಾದ ಜುವಾಂಡಾ ಯಾವ ಪಕ್ಷಕ್ಕೂ ಸೇರದ ಎಂಜಿನಿಯರ್. ಉಪಪ್ರಧಾನಿಗಳಾಗಿ ರಾಷ್ಟ್ರೀಯವಾದಿ ಪಿಎನ್‌ಐ ಪಕ್ಷದ ಹಾರ್ದಿ, ಮುಸ್ಲಿಂ ಪಕ್ಷವಾದ ಎನ್‌ಯುನ ಇದ್ಹಾಮ್ ಖಾಲಿದ್, ಕ್ರೈಸ್ತ ಪಕ್ಷದ ಲೆಯ್ಮೆನಾ ಇದ್ದರು. ವಿದೇಶಾಂಗ ಸುಬಾಂದ್ರಿಯೋ ಕೈಲಿತ್ತು. ಇನ್ನೊಂದು ದೊಡ್ಡ ಮುಸ್ಲಿಂ ಪಕ್ಷವಾದ ಮಾಸ್ಯುಮಿ ಸೇರಲಿಲ್ಲ.

ಗುರಿಗಳು ಐದು: ಸರ್ಕಾರಕ್ಕೆ ಸಲಹೆ ಕೊಡುವ ರಾಷ್ಟ್ರೀಯ ಮಂಡಳಿ ರಚಿಸುವುದು, ದೇಶವನ್ನು ಸಹಜ ಸ್ಥಿತಿಗೆ ತರುವುದು, ಹಿಂದೆ ಆಳಿದ್ದ ಡಚ್ಚರ ಜೊತೆ 1949ರಲ್ಲಿ ಮಾಡಿಕೊಂಡ ದುಂಡುಮೇಜಿನ ಒಪ್ಪಂದವನ್ನು ಪೂರ್ತಿ ಕೈಬಿಡುವುದು, ಇನ್ನೂ ಡಚ್ಚರ ಕೈಲಿದ್ದ ಪಶ್ಚಿಮ ಇರಿಯಾನ್ (ನ್ಯೂಗಿನಿ ದ್ವೀಪದ ಪಶ್ಚಿಮ ಭಾಗ) ಪಡೆಯುವುದು, ಅಭಿವೃದ್ಧಿಗೆ ವೇಗ ಕೊಡುವುದು. ಸಹಜ ಸ್ಥಿತಿ ಸುಲಭಕ್ಕೆ ಬರಲಿಲ್ಲ, 1958ರಲ್ಲಿ ಸುಮಾತ್ರಾದಲ್ಲಿ ಬಂಡಾಯವೇ ಎದ್ದಿತು.

ನನಗೆ ಜಾಸ್ತಿ ಮುಖ್ಯ ಅನಿಸೋದು ಪಟ್ಟಿಯಲ್ಲೇ ಇಲ್ಲದ ಕೆಲಸ, 1957ರ ಡಿಸೆಂಬರ್ 13ರ ಜುವಾಂಡಾ ಘೋಷಣೆ. ಅಲ್ಲಿವರೆಗೆ ಪ್ರತಿ ದ್ವೀಪದ ಸುತ್ತ ಬರೀ 3 ಮೈಲಿ ಸಮುದ್ರ ಅವರದು. ಹಾಗಾಗಿ ಜಾವಾ ಮತ್ತು ಬೋರ್ನಿಯೋ ನಡುವಿನ ಕಡಲಿನ ಬಹುಪಾಲು ಅಂತರರಾಷ್ಟ್ರೀಯ ನೀರು, ಡಚ್ ಯುದ್ಧನೌಕೆ ಕೂಡ ಆರಾಮಾಗಿ ಹೋಗಬಹುದಿತ್ತು! ಹೊರಗಿನ ದ್ವೀಪಗಳ ತುದಿಗಳನ್ನು ಗೆರೆಯಿಂದ ಜೋಡಿಸಿ, ಒಳಗಿನ ನೀರೆಲ್ಲ ನಮ್ಮದು, ಗೆರೆಯಿಂದಾಚೆ ಇನ್ನೂ 12 ಮೈಲಿ ನಮ್ಮದು ಅಂತ ಜುವಾಂಡಾ ಸರ್ಕಾರ ಹೇಳಿತು. ದ್ವೀಪರಾಷ್ಟ್ರ ಅನ್ನೋ ಈ ತತ್ವವನ್ನು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಒಪ್ಪಿಕೊಂಡಿತು.